ದೌಲತ್ ಬೇಗ್ ಓಲ್ಡಿ: 43 ವರ್ಷ ಖಾಲಿ ಬಿದ್ದಿದ್ದ ಏರ್‌ಸ್ಟ್ರಿಪ್

ಪ್ರಶ್ನೆ: ಲಡಾಖಿನ ದೌಲತ್ ಬೇಗ್ ಓಲ್ಡಿಯಲ್ಲಿ 1962ರಲ್ಲೇ ನಮ್ಮ ವಿಮಾನ ಇಳಿದಿತ್ತಂತೆ. ಗಡಿಗೆ ಅಷ್ಟು ಹತ್ತಿರದ ಜಾಗವನ್ನು ಆಮೇಲೆ ದಶಕಗಟ್ಟಲೆ ಯಾಕೆ ಹಾಗೇ ಬಿಟ್ಟರು? ಈಗ ರಸ್ತೆಯೂ ಆಗಿದೆಯಲ್ಲ, ಏರ್‌ಸ್ಟ್ರಿಪ್ ಇನ್ನೂ ಬೇಕಾ?
– ಹಾಸನದ ಓದುಗರೊಬ್ಬರು

ಉತ್ತರ: ಅಲ್ಲಿನ ತೊಂದರೆಯೆಲ್ಲ ಶುರುವಾಗುವುದು ತೆಳು ಗಾಳಿಯಿಂದ. ಸೇನೆಯವರು ಡಿಬಿಒ ಎನ್ನುವ ಈ ಜಾಗ 16,614 ಅಡಿ ಎತ್ತರದಲ್ಲಿದೆ. ಕಾರಕೋರಂ ಕಣಿವೆದಾರಿ ಪಕ್ಕದಲ್ಲೇ. ಹಿಂದೆ ಲೇಹ್‌ನಿಂದ ಈಗ ಚೀನಾದಲ್ಲಿರುವ ಯಾರ್ಕಂದ್‌ಗೆ ಹೋಗುವ ವ್ಯಾಪಾರಿಗಳು ಇಲ್ಲಿ ಬಿಡಾರ ಹೂಡುತ್ತಿದ್ದರು. ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ರೆಕ್ಕೆಗಳಿಗೆ ವಿಮಾನವನ್ನು ಎತ್ತುವುದು ಕಷ್ಟ, ಇಂಜಿನ್ನಿಗೂ ದಮ್ಮು ಸಾಲದು. ಅದಕ್ಕೇ ನೆಲದ ಮೇಲೆ ಜಾಸ್ತಿ ದೂರ ಓಡಬೇಕು, ಸಾಮಾನು ಕಡಿಮೆ ಹೇರಬೇಕು.

1962ರ ಜುಲೈ 23ರಂದು ಸ್ಕ್ವಾಡ್ರನ್ ಲೀಡರ್ ಸಿ.ಕೆ.ಎಸ್. ರಾಜೆ ಅಲ್ಲಿ ಪ್ಯಾಕೆಟ್ ಎಂಬ ಸರಕು ವಿಮಾನ ಇಳಿಸಿದರು. ಡಾಂಬರೂ ಇಲ್ಲ, ಕಾಂಕ್ರೀಟೂ ಇಲ್ಲ, ಬರೀ ಮಣ್ಣು-ಜಲ್ಲಿಯ ಪಟ್ಟಿ. ಎತ್ತರದಲ್ಲಿ ಬಲ ಸಾಲದೆಂದು ಪ್ಯಾಕೆಟ್‌ನ ಬೆನ್ನ ಮೇಲೆ ಹೆಚ್ಚುವರಿಯಾಗಿ ಒಂದು ಜೆಟ್ ಇಂಜಿನ್ ಕೂರಿಸುತ್ತಿದ್ದರು. ಆಮೇಲೆ ಆ ಜಾಗಕ್ಕೆ ನಮ್ಮ ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಆರ್ಫಿಯಸ್ ಇಂಜಿನ್ನೂ ಬಂತು. ನನಗೆ ತುಂಬ ಹೆಮ್ಮೆಯ ವಿಷಯ ಇದು.

1960ರ ದಶಕದ ನಡುವೆ ಹಾರಾಟ ನಿಂತಿತು. ಭೂಕಂಪದಿಂದ ನೆಲ ಸಡಿಲವಾಗಿ, ದೊಡ್ಡ ವಿಮಾನದ ಚಕ್ರ ಇಳಿಸುವುದು ಅಪಾಯವಾಗಿತ್ತು. ಅಲ್ಲಿಂದಾಚೆಗೆ ಹೆಲಿಕಾಪ್ಟರ್, ಕುದುರೆ, ಹೇಸರಗತ್ತೆಗಳೇ ಗತಿ.

2008ರ ಮೇ 31ರಂದು ಚಂಡೀಗಢದಿಂದ ಹೊರಟ ವಾಯುಪಡೆಯ ಎಎನ್-32 ಸರಕು ವಿಮಾನ ಅಲ್ಲಿ ಇಳಿಯಿತು, 43 ವರ್ಷದ ಮೇಲೆ. 2013ರ ಏಪ್ರಿಲ್‌ನಲ್ಲಿ ಪಕ್ಕದ ದೆಪ್ಸಾಂಗ್ ಬಯಲಿಗೆ ಚೀನೀ ಸೈನಿಕರು ಬಂದು ಮೂರು ವಾರ ಡೇರೆ ಹಾಕಿ ಕೂತರು. ಅದೇ ವರ್ಷ ಆಗಸ್ಟ್ 20ರಂದು ಸಿ-130ಜೆ ಸೂಪರ್ ಹರ್ಕ್ಯುಲಿಸ್ ಡಿಬಿಒದಲ್ಲಿ ಇಳಿಯಿತು. ಎಎನ್-32ಗಿಂತ ಎಷ್ಟೋ ಪಟ್ಟು ಹೊರೆ ಹೊರುವ ವಿಮಾನ ಅದು. ಸುಮ್ನೆ ನೆಲ ಮುಟ್ಟಿ ಬರುವ ಜಾಗವಾಗಿದ್ದದ್ದು ಆಗ ನಿಜಕ್ಕೂ ಜನ, ಸಾಮಾನು ಸಾಗಿಸುವ ನಿಲ್ದಾಣವಾಯಿತು.

ಇನ್ನು ರಸ್ತೆಯ ಮಾತು. ದರ್ಬುಕ್‌ನಿಂದ ಶ್ಯೋಕ್ ಹಾದು ಡಿಬಿಒವರೆಗೆ 255 ಕಿಲೋಮೀಟರ್ ಇದೆ. 2019ರಲ್ಲಿ ಶ್ಯೋಕ್ ನದಿಗೆ ಕರ್ನಲ್ ಚೆವಾಂಗ್ ರಿಂಚೆನ್ ಸೇತುವೆಯೂ ಆಯಿತು. ದಿನಸಿ, ಸೀಮೆಎಣ್ಣೆ, ಸಿಮೆಂಟಿಗೆ ರಸ್ತೆಯೇ ಸರಿ, ಖರ್ಚೂ ಕಡಿಮೆ. ಆದರೆ ಅಂಥ ಎತ್ತರದಲ್ಲಿ ಕೆಲವರ ಶ್ವಾಸಕೋಶಕ್ಕೆ ನೀರು ತುಂಬಿಕೊಳ್ಳುತ್ತದೆ. ರಾತ್ರಿ ಬರೀ ಕೆಮ್ಮಿದ್ದ ಹುಡುಗ ಬೆಳಗ್ಗೆ ಏಳಲಾಗದೆ ಮಲಗಿರಬಹುದು. ಆಮ್ಲಜನಕ ಕೊಟ್ಟರೂ ಸಾಲದು, ಬೇಗ ಕೆಳಗಿಳಿಸಲೇಬೇಕು. ಅಷ್ಟು ದೂರದ ಬೆಟ್ಟದ ದಾರಿಯಲ್ಲಿ ಅವನನ್ನು ಕುಲುಕಾಡಿಸಿಕೊಂಡು ಹೋಗೋದಕ್ಕೂ ವಿಮಾನಕ್ಕೂ ಎಷ್ಟು ವ್ಯತ್ಯಾಸ, ಅಲ್ವಾ? ಡಿಬಿಒದಲ್ಲಿ ವಿಮಾನದ ಇಂಜಿನ್ ಆರಿಸಿದರೆ ಮತ್ತೆ ಹೊತ್ತಿಕೊಳ್ಳುವ ಖಾತರಿ ಇಲ್ಲ. ಹಾಗಾಗಿ ಫ್ಯಾನು ತಿರುಗುತ್ತಿರುವಾಗಲೇ, ಆ ಧೂಳಿನಲ್ಲೇ, ಸ್ಟ್ರೆಚರ್ ಒಳಗೆ ಹೋಗಬೇಕು.