ಹುಡುಗರನ್ನು ಕಟ್ಟಿಹಾಕಬೇಡಿ, ಪಂದ್ಯ ಕೊಡಿ

ಪತ್ರ: ಸಂಪಾದಕರೇ, ನಾಲ್ಕು ವರ್ಷದಿಂದ ಹಾಸನದ ಒಂದು ಕಾಲೇಜಿನಲ್ಲಿ ಹುಡುಗರಿಗೆ ಸೆವೆನ್ಸ್ ರಗ್ಬಿ ಹೇಳಿಕೊಡುತ್ತಿದ್ದೇನೆ. ಕಳೆದ ತಿಂಗಳು ಬೆಂಗಳೂರಿನ ಒಂದು ನಾಕೌಟ್ ಪಂದ್ಯಾವಳಿಗೆ ಹೋಗಿದ್ದೆವು. ಮೊದಲ ಪಂದ್ಯದಲ್ಲೇ ಸೋತು ಬಂದೆವು. ನಮ್ಮ ಮೂವರು ಹುಡುಗರ ಆಟ ನೋಡಿ ಅಲ್ಲಿನ ಕ್ಲಬ್ಬಿನವರು ಕರೆದರು. ಮೂವರೂ ಹೋಗಿಬಿಟ್ಟರು. ಕಲಿಸಿದ ತಂಡವನ್ನು ಎರಡು ವರ್ಷ ಬಿಡಬಾರದು ಎಂಬ ನಿಯಮ ಬರಬೇಕು. ಇದರ ಬಗ್ಗೆ ನೀವು ಬರೆಯಿರಿ. (ಹೆಸರು ಹಾಕಬೇಡಿ.)
— ಒಬ್ಬ ಪಿ.ಟಿ. ಮೇಷ್ಟ್ರು, ಹಾಸನ

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ಓದಿ ಪೆನ್ನು ಹಿಡಿದು ಒಂದು ಲೆಕ್ಕ ಹಾಕಿದೆ. ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿಲೋಮೀಟರ್. ಹೋಗಿ ಬರಲು 370. ಸೆವೆನ್ಸ್ ಅಂದರೆ ತಂಡಕ್ಕೆ ಏಳು ಜನ, ಏಳು ನಿಮಿಷದ ಎರಡು ಅವಧಿ, ಒಟ್ಟು 14 ನಿಮಿಷ. ಬೆಳಗಿನ ಜಾವ ಎದ್ದು, ಬಸ್ಸಿನಲ್ಲಿ ತೂಕಡಿಸಿ, ನಿಮ್ಮ ಹುಡುಗರು ಆಡಿದ್ದು 14 ನಿಮಿಷ. ಈ ಸಂಗತಿ ನಿಮ್ಮ ಪತ್ರದಲ್ಲಿ ಒಂದೇ ಸಾಲು. ಉಳಿದದ್ದೆಲ್ಲ ಬಿಟ್ಟು ಹೋದ ಮೂವರ ಬಗ್ಗೆ. ನನಗೆ ಆ ಒಂದು ಸಾಲೇ ಜಾಸ್ತಿ ನೋವು ಕೊಟ್ಟಿತು.

ನಿಮ್ಮ ಸಂಕಟ ಸುಳ್ಳಲ್ಲ. ಗಿಡ ನೆಟ್ಟು ನೀರು ಹೊತ್ತವರು ನೀವು, ಫಸಲು ಕುಯ್ದವರು ಇನ್ಯಾರೋ. ಫುಟ್‌ಬಾಲಿನಲ್ಲಿ ಹುಡುಗನನ್ನು ಬೆಳೆಸಿದ ಕ್ಲಬ್ಬಿಗೆ ತರಬೇತಿಯ ಪರಿಹಾರ ಕೊಡುವ ಪದ್ಧತಿ ಇದೆ. ರಗ್ಬಿಯಲ್ಲಿ ನಮ್ಮ ಮಟ್ಟದಲ್ಲೂ ಅಂಥದ್ದೊಂದು ಬರಲಿ, ಬೇಡ ಅನ್ನುವುದಿಲ್ಲ. ಆದರೆ ಹತ್ತೊಂಬತ್ತು ವರ್ಷದ ಹುಡುಗನ ಕಾಲಿಗೆ ಎರಡು ವರ್ಷ ಹಗ್ಗ ಕಟ್ಟುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ವರ್ಷಕ್ಕೆ 14 ನಿಮಿಷ ಆಡಿಸುವ ತಂಡದಲ್ಲಿ ಅವನು ಯಾಕೆ ಇರಬೇಕು, ನೀವೇ ಹೇಳಿ. ಅವನು ಹೋದದ್ದು ದುಡ್ಡಿಗಲ್ಲ, ಪಂದ್ಯಕ್ಕೆ.

ಎದುರಾಳಿ ಹತ್ತಿರದಲ್ಲಿ ಇಲ್ಲದಿದ್ದರೆ ಕ್ಲಬ್ಬು ಉಳಿಯುವುದಿಲ್ಲ. ನಮ್ಮ ದೇಶದ ರಗ್ಬಿಯ ಮೊದಲ ಕಥೆಯೇ ಇದು. 1873ರಲ್ಲಿ ಕಲ್ಕತ್ತಾದಲ್ಲಿ ಒಂದು ರಗ್ಬಿ ಕ್ಲಬ್ಬು ಶುರುವಾಯಿತು. ಕೆಲವೇ ವರ್ಷದಲ್ಲಿ ಅಲ್ಲಿದ್ದ ಸೈನಿಕರ ದಳ ಬೇರೆ ಕಡೆ ಹೋಯಿತು. ಉಳಿದವರು ಪೋಲೊ, ಟೆನಿಸ್ ಕಡೆ ವಾಲಿದರು. ಆಡಲು ಜನ ಸಿಗದೆ 1878ರ ಹೊತ್ತಿಗೆ ಕ್ಲಬ್ಬು ಮುಚ್ಚಿತು. ಖಾತೆಯಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ, ಮುಚ್ಚಳದ ಮೇಲೆ ಆನೆ, ಹಿಡಿಗಳಿಗೆ ನಾಗರಹಾವು ಇರುವ ಒಂದು ಕಪ್ ಮಾಡಿಸಿ ಇಂಗ್ಲೆಂಡಿಗೆ ಕೊಟ್ಟರು. 1879ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್ ಅದಕ್ಕಾಗಿ ಆಡುತ್ತಿವೆ. ಕ್ಯಾಲ್ಕಟಾ ಕಪ್ ಅಂದರೆ ಅದೇ. ಅಕ್ಕಪಕ್ಕದ ಆ ಎರಡು ದೇಶಗಳಿಗೆ ಜಗಳವಾಡಲು ನೆರೆಯವರಿದ್ದರು. ಕಲ್ಕತ್ತಾದವರಿಗೆ ಇರಲಿಲ್ಲ.

ವೇಲ್ಸ್ ದೇಶದ್ದು ಇನ್ನೂ ಬೇಸರದ ಕಥೆ. ಅಲ್ಲಿ ಒಂದೊಂದು ಕಣಿವೆಗೂ ಒಂದೊಂದು ಕ್ಲಬ್ಬು. 2003ರಲ್ಲಿ, ಇಷ್ಟೊಂದು ಸಣ್ಣ ಕ್ಲಬ್ಬು ಸಾಕುವುದು ಕಷ್ಟ ಅಂತ ಮೇಲಿನ ಹಂತಕ್ಕೆ ಐದು ಪ್ರಾದೇಶಿಕ ತಂಡ ಮಾಡಿದರು. ಪಾಂಟಿಪ್ರಿಡ್, ಬ್ರಿಡ್ಜೆಂಡ್ ಎರಡೂ ಸೇರಿ ಕೆಲ್ಟಿಕ್ ವಾರಿಯರ್ಸ್ ಆಯಿತು. ಬ್ರಿಡ್ಜೆಂಡ್ ಆ ವರ್ಷ ದೇಶದ ಚಾಂಪಿಯನ್ ಆಗಿದ್ದ ಕ್ಲಬ್ಬು! ಹೊಸ ತಂಡ ಒಂದೇ ಸೀಸನ್ ಆಡಿತು. 2004ರಲ್ಲಿ ಮುಚ್ಚಿದರು. ಗೆಥಿನ್ ಜೆಂಕಿನ್ಸ್ ಅಂಥ ದೊಡ್ಡ ಆಟಗಾರ ಕಾರ್ಡಿಫ್‌ಗೆ ಹೋದರು. ಅವರು ಊರು ಬಿಟ್ಟರು ಅನ್ನಲು ಬಾಯಿ ಬರುತ್ತದೆಯೇ? ಊರಿನ ತಂಡವನ್ನೇ ಕಿತ್ತು ಹಾಕಿದ್ದರು.

ಈಗ ಅದೇ ವೇಲ್ಸ್‌ನ ತಂಡಗಳು ಐರ್ಲೆಂಡ್, ಸ್ಕಾಟ್ಲೆಂಡ್, ಇಟಲಿ ಮಾತ್ರವಲ್ಲ, ದಕ್ಷಿಣ ಆಫ್ರಿಕಾ ತಂಡಗಳ ಜೊತೆಗೂ ಒಂದೇ ಲೀಗಿನಲ್ಲಿ ಆಡುತ್ತವೆ. 2021ರಲ್ಲಿ ಶುರುವಾದ ಯುನೈಟೆಡ್ ರಗ್ಬಿ ಚಾಂಪಿಯನ್‌ಶಿಪ್‌ನಲ್ಲಿ 16 ತಂಡ. ಆಟದ ಮಟ್ಟ ಏರಿದೆ, ಒಪ್ಪುತ್ತೇನೆ. 2024ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ತಂಡ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾಕ್ಕೇ ಹೋಗಿ ಫೈನಲ್ ಗೆದ್ದಿತು. ಆದರೆ ಗ್ಲಾಸ್ಗೋದ ಒಬ್ಬ ಬಸ್ ಡ್ರೈವರ್ ತನ್ನ ಮಗನನ್ನು ಕರೆದುಕೊಂಡು ಆ ಪಂದ್ಯ ನೋಡಲು ಹೋಗುವುದು ಸಾಧ್ಯವಾ? ಇಂಥ ಏರ್ಪಾಡು ಎಷ್ಟು ನಾಜೂಕು ಅನ್ನುವುದೂ ಮೊದಲ ವರ್ಷವೇ ಗೊತ್ತಾಯಿತು. 2021ರ ನವೆಂಬರಿನಲ್ಲಿ ಕೋವಿಡ್‌ನ ಹೊಸ ತಳಿ ಓಮಿಕ್ರಾನ್ ಬಂದು, ಅಲ್ಲಿಗೆ ಹೋಗಿದ್ದ ತಂಡಗಳು ದಕ್ಷಿಣ ಆಫ್ರಿಕಾದಲ್ಲೇ ಸಿಕ್ಕಿಕೊಂಡವು. ಅವುಗಳಲ್ಲಿ ಐರ್ಲೆಂಡಿನ ಮನ್‌ಸ್ಟರ್ ಕೂಡ ಇತ್ತು. ಡಿಸೆಂಬರಿನಲ್ಲಿ ಯುರೋಪಿನ ದೊಡ್ಡ ಟೂರ್ನಿ. ಎದುರಾಳಿ ಇಂಗ್ಲೆಂಡಿನ ವಾಸ್ಪ್ಸ್. ಮನ್‌ಸ್ಟರ್‌ನವರು ಊರಿನಲ್ಲೇ ಉಳಿದಿದ್ದವರ ಜೊತೆಗೆ ಅಕಾಡೆಮಿ ಹುಡುಗರನ್ನೂ ಸ್ಥಳೀಯ ಕ್ಲಬ್ಬಿನ ಹುಡುಗರನ್ನೂ ಕಟ್ಟಿಕೊಂಡು ಹೋದರು. ಎಷ್ಟೋ ಹುಡುಗರಿಗೆ ದೊಡ್ಡ ತಂಡದ ಅಂಗಿ ಹಾಕಿದ್ದು ಅವತ್ತೇ ಮೊದಲು. 35–14ರಿಂದ ಗೆದ್ದು ಬಂದರು. ಆ ಹುಡುಗರು ತಯಾರಾಗಿದ್ದು ಎಲ್ಲಿ ಅಂದುಕೊಂಡಿರಿ? ಪಕ್ಕದೂರಿನ ಕ್ಲಬ್ಬುಗಳ ಜೊತೆ ಶನಿವಾರ, ಭಾನುವಾರ ಆಡಿ ಆಡಿ.

ಅದೇ ವಾಸ್ಪ್ಸ್ ಕಥೆ ಕೇಳಿ. 1867ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕ್ಲಬ್ಬು. 2014ರಲ್ಲಿ ದೊಡ್ಡ ಸ್ಟೇಡಿಯಂ ಸಿಗುತ್ತದೆ ಅಂತ ದೂರದ ಕೊವೆಂಟ್ರಿಗೆ ಹೋಯಿತು. 2022ರಲ್ಲಿ ಸಾಲದಲ್ಲಿ ಮುಳುಗಿತು.

ನಮ್ಮಲ್ಲೂ 2025ರ ಜೂನ್‌ನಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಬಂತು. ಆರು ತಂಡ. ಬೆಂಗಳೂರಿನ ಹೆಸರಿನದೂ ಒಂದು. ಅಷ್ಟೂ ಪಂದ್ಯ ನಡೆದದ್ದು ಮುಂಬೈಯಲ್ಲಿ. ಟಿವಿಯಲ್ಲಿ ರಗ್ಬಿ ಬಂತಲ್ಲ ಅಂತ ಖುಷಿಪಟ್ಟೆ. ಆದರೆ ಬೆಂಗಳೂರಿನ ತಂಡವನ್ನು ಬೆಂಗಳೂರಿನ ಹುಡುಗ ತನ್ನ ಊರಿನಲ್ಲಿ ನಿಂತು ನೋಡಲಿಲ್ಲ. ಇನ್ನು ಹಾಸನದ ಹುಡುಗನ ಮಾತೇನು?

ಪಕ್ಕದ ಕೊಡಗನ್ನು ನೋಡಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕುಟುಂಬಗಳ ನಡುವೆ ಹಾಕಿ ಆಡಿಸಿದರು. 60 ಕುಟುಂಬ ಬಂದವು. 2024ರಲ್ಲಿ ನಾಪೋಕ್ಲಿನಲ್ಲಿ ಬಂದದ್ದು 360. ಅಲ್ಲಿ ಆಟಗಾರನನ್ನು ಕೊಳ್ಳಲು ಬರುವುದಿಲ್ಲ, ಮಾರಲು ಬರುವುದಿಲ್ಲ. ಬೆಂಗಳೂರು, ಮುಂಬೈ ಸೇರಿದವರೂ ರಜೆ ಹಾಕಿ ಬಂದು ಮನೆತನದ ಅಂಗಿ ತೊಡುತ್ತಾರೆ. ಹುಡುಗ ಹೊರಗೆ ಹೋಗುವುದು ದೊಡ್ಡದಲ್ಲ ಮೇಷ್ಟ್ರೇ. ವಾಪಸ್ ಬಂದು ಆಡಲು ಊರಿನಲ್ಲಿ ಒಂದು ಪಂದ್ಯ ಇರಬೇಕು.

ನಾನು ಬೇಲೂರು ತಾಲ್ಲೂಕಿನವನು. ಸುಗ್ಗಿ ಮುಗಿದ ಮೇಲೆ ಕಣದಲ್ಲೇ ಗೆರೆ ಎಳೆದು ಪಕ್ಕದೂರಿನವರ ಜೊತೆ ಕಬಡ್ಡಿ. ಅವರಲ್ಲಿ ಒಬ್ಬ ರೈಡರ್ ಇದ್ದ. ಎಡಕ್ಕೆ ವಾಲಿದ ಹಾಗೆ ಮಾಡಿ ಬಲಕ್ಕೆ ಜಾರಿಬಿಡುತ್ತಿದ್ದ. ಮೂರು ವರ್ಷ ನಮ್ಮವರನ್ನು ಅಳಿಸಿಬಿಟ್ಟ. ನಮ್ಮಣ್ಣ ಆ ಮಳೆಗಾಲ ಪೂರ್ತಿ ಜಗುಲಿಯ ಮೇಲೆ ನನ್ನನ್ನು ಓಡಿಸಿ ಓಡಿಸಿ ಹಿಮ್ಮಡಿ ಹಿಡಿಯುವುದು ಕಲಿತ. ನನ್ನ ಬಲಗಾಲಿನ ಚರ್ಮ ಕೆಂಪಾಗಿ ಸುಲಿದಿತ್ತು. ಅವ್ವ ಕೊಬ್ಬರಿ ಎಣ್ಣೆ ಹಚ್ಚುತ್ತಾ ಇಬ್ಬರಿಗೂ ಬೈಯುತ್ತಿದ್ದಳು. ನಾಲ್ಕನೇ ವರ್ಷ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಅಣ್ಣ ಅವನ ಹಿಮ್ಮಡಿ ಹಿಡಿದ. ಬಿಡಲಿಲ್ಲ. ಆಮೇಲೆ ಅವನೇ ನಮ್ಮ ಮನೆಯಲ್ಲಿ ಕಡುಬು, ಕೋಳಿ ಸಾರು ಉಂಡು ಹೋದ.

ಅಣ್ಣ ಅಷ್ಟು ಬೆವರು ಸುರಿಸಿದ್ದು ಯಾಕೆ? ಮುಂದಿನ ವರ್ಷ ಅವನು ಬಂದೇ ಬರುತ್ತಾನೆ ಅಂತ ಗೊತ್ತಿತ್ತು. ನಾಕೌಟಿನಲ್ಲಿ ಅದು ಇಲ್ಲ. ಸೋಲಿಸಿದವನ ಮುಖ ನೆನಪಿಟ್ಟುಕೊಳ್ಳುವ ಮೊದಲೇ ವಾಪಸ್ ಬಸ್ಸು ಹತ್ತಿರುತ್ತೀರಿ.

ಈಗ ನಮ್ಮ ಕಡೆ ಎಲ್ಲವೂ ಹಾಗೇ ಆಗಿದೆ. ಶುಕ್ರವಾರ ರಾತ್ರಿ ಬೆಂಗಳೂರಿನ ಕಾರುಗಳು ಸಾಲುಗಟ್ಟಿ ಚಿಕ್ಕಮಗಳೂರಿನ ಹೋಂಸ್ಟೇಗಳಿಗೆ ಬರುತ್ತವೆ. ಅದೇ ರಾತ್ರಿ ನಮ್ಮ ಹುಡುಗರು ಬ್ಯಾಗು ಹೆಗಲಿಗೇರಿಸಿ ಎದುರು ದಿಕ್ಕಿನ ಬಸ್ಸು ಹತ್ತುತ್ತಾರೆ. ಓದಿಗೆ ಬೆಂಗಳೂರು, ಕೆಲಸಕ್ಕೆ ಬೆಂಗಳೂರು, ಆಪರೇಷನ್ನಿಗೆ ಬೆಂಗಳೂರು. ಚೆಂಡು ಹಿಡಿದು ಓಡುವುದಕ್ಕೂ ಬೆಂಗಳೂರೇ ಆಗಬೇಕಾ? ಮೊನ್ನೆ ಒಂದು ತಾಲ್ಲೂಕು ಮೈದಾನದಲ್ಲಿ ನಿಂತಿದ್ದೆ. ವಸ್ತುಪ್ರದರ್ಶನ ಮುಗಿದು ವಾರವಾಗಿತ್ತು. ಶಾಮಿಯಾನದ ಗೂಟ ಕಿತ್ತ ಗುಂಡಿಗಳು ಹಾಗೇ ಬಾಯಿ ತೆರೆದಿದ್ದವು. ಅಭ್ಯಾಸಕ್ಕೆ ಬಂದ ಹುಡುಗನೊಬ್ಬ ಹಳೇ ಪೇಪರ್ ಉಂಡೆ ಮಾಡಿ ಗುಂಡಿಗೆ ತುರುಕಿ, ಮೇಲೆ ಮಣ್ಣು ಹಾಕಿ, ಹಿಮ್ಮಡಿಯಿಂದ ತುಳಿಯುತ್ತಿದ್ದ. ಒಂದಾದ ಮೇಲೆ ಒಂದು. ಆಟ ಶುರುವಾಗುವ ಹೊತ್ತಿಗೆ ಅರ್ಧ ಗಂಟೆ ಅದರಲ್ಲೇ ಹೋಗಿತ್ತು. ಇಂಥ ಹುಡುಗನಿಗೆ ಎರಡು ವರ್ಷದ ನಿಷೇಧ ಹಾಕಿ ಅಂತ ನಾನು ಹೇಗೆ ಬರೆಯಲಿ?

ನಿಮ್ಮ ಕೈಯಲ್ಲಿ ಆಗುವ ಕೆಲಸ ಒಂದಿದೆ. ಹಾಸನ, ಬೇಲೂರು, ಸಕಲೇಶಪುರ, ಚಿಕ್ಕಮಗಳೂರು. ನಾಲ್ಕೂ ಕಡೆ ಏಳೇಳು ಹುಡುಗರನ್ನು, ಜೊತೆಗೆ ನಾಲ್ಕೈದು ಬದಲಿಯವರನ್ನು ಹುಡುಕಿ. ಎಲ್ಲರೂ ಎಲ್ಲರ ಊರಿಗೆ ಒಂದೊಂದು ಸಲ ಹೋಗಲಿ. ತಂಡಕ್ಕೆ ಆರು ಪಂದ್ಯ ಆಗುತ್ತದೆ, ಮೂರು ಸ್ವಂತ ಊರಿನಲ್ಲಿ. ಬೆಳಗ್ಗೆ ಹೊರಟವರು ರಾತ್ರಿ ಊಟಕ್ಕೆ ಮನೆಯಲ್ಲಿರುತ್ತಾರೆ. ಮಳೆ ಇಳಿದ ಮೇಲೆ ಸೆಪ್ಟೆಂಬರಿನಲ್ಲಿ ಶುರು ಮಾಡಿ, ಕಾಫಿ ಕುಯ್ಲು ಜೋರಾಗುವ ಮೊದಲೇ ಮುಗಿಸಿ. ಕುಯ್ಲಿನಲ್ಲಿ ಭಾನುವಾರವೂ ತೋಟಕ್ಕೆ ಹೋಗಬೇಕಾದ ಹುಡುಗರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ಬೆಂಗಳೂರಿಗೆ ಹೋದ ಆ ಮೂವರಿಗೂ ದಿನಾಂಕ ತಿಳಿಸಿ.

ಬೇಲೂರಿನ ಪಂದ್ಯಕ್ಕೆ ನಾನು ಅಣ್ಣನನ್ನೂ ಕರೆದುಕೊಂಡು ಬರುತ್ತೇನೆ. ಉಳಿದ ಪಂದ್ಯಗಳ ಸ್ಕೋರನ್ನು ಸೋಮವಾರದ ಒಳಗೆ ಕಳಿಸಿಕೊಡಿ. ಈ ಪುಟದಲ್ಲೇ ಜಾಗ ಇಟ್ಟಿರುತ್ತೇನೆ, ಸೋತಿದ್ದರೂ ಕಳಿಸಿ.