ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ತೆಗೆಯದೆ ಲಿನಕ್ಸ್ ಬಳಸಬಹುದಾ?

ಖಂಡಿತ ಬಳಸಬಹುದು. ಸುಲಭದ ದಾರಿ ಡಬ್ಲ್ಯೂಎಸ್‌ಎಲ್, ಅಂದರೆ ವಿಂಡೋಸ್ ಒಳಗೇ ಲಿನಕ್ಸ್ ಓಡಿಸಲು ಮೈಕ್ರೋಸಾಫ್ಟ್ ಕೊಟ್ಟಿರುವ ಸೌಲಭ್ಯ. ವಿಂಡೋಸ್ 10, 11 ಎರಡರಲ್ಲೂ ಉಚಿತ. ಹಾಕಿಕೊಳ್ಳಲು ಅಡ್ಮಿನ್ ಅನುಮತಿ ಬೇಕು, ಹಾಗಾಗಿ ಮೊದಲು ಐಟಿಯವರನ್ನು ಕೇಳಿ.

2016ರಲ್ಲಿ ಬಂದ ಮೊದಲ ಆವೃತ್ತಿ, ಲಿನಕ್ಸ್ ಪ್ರೋಗ್ರಾಮ್ ಕೇಳಿದ್ದನ್ನು ವಿಂಡೋಸ್‌ಗೆ ಅರ್ಥವಾಗುವಂತೆ ಬದಲಿಸಿ ಕೊಡುತ್ತಿತ್ತು. ಅದರಲ್ಲಿ ಎಲ್ಲವೂ ಓಡುತ್ತಿರಲಿಲ್ಲ. ಈಗಿನ ಎರಡನೇ ಆವೃತ್ತಿಯಲ್ಲಿ ಅಸಲಿ ಲಿನಕ್ಸ್ ಕರ್ನಲ್ಲೇ (ಇಡೀ ವ್ಯವಸ್ಥೆಯನ್ನು ನಡೆಸುವ ತಿರುಳು) ಒಂದು ಹಗುರವಾದ ವರ್ಚುವಲ್ ಮಷೀನ್‌ನಲ್ಲಿ (ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಕಂಪ್ಯೂಟರ್) ಓಡುತ್ತದೆ. ಡಾಕರ್ (ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಎಲ್ಲದರ ಸಮೇತ ಪೊಟ್ಟಣ ಕಟ್ಟಿ ಓಡಿಸುವ ಸಾಧನ) ಕೂಡ ಚೆನ್ನಾಗಿ ಕೆಲಸ ಮಾಡುವುದು ಇದರಿಂದಲೇ.

"ಡಬ್ಲ್ಯೂಎಸ್‌ಎಲ್ ತುಂಬಾ ಸ್ಲೋ" ಅನ್ನುವ ದೂರಿಗೆ ಮುಖ್ಯ ಕಾರಣ ಫೈಲುಗಳ ಜಾಗ. ಪ್ರಾಜೆಕ್ಟನ್ನು ಸಿ ಡ್ರೈವ್‌ನಲ್ಲಿಟ್ಟು ಲಿನಕ್ಸ್‌ನಿಂದ ತೆರೆದರೆ, ಪ್ರತಿ ಫೈಲೂ ಎರಡು ವ್ಯವಸ್ಥೆಗಳ ನಡುವಿನ ಗಡಿ ದಾಟಿ ಬರಬೇಕು. ಸಾವಿರಾರು ಸಣ್ಣ ಫೈಲುಗಳಿದ್ದರೆ ಬರೀ ಗಿಟ್ ಸ್ಟೇಟಸ್ (ಯಾವ ಫೈಲುಗಳು ಬದಲಾಗಿವೆ ಎಂದು ತೋರಿಸುವ ಆಜ್ಞೆ) ಕೊಟ್ಟರೂ ಕಾಯಬೇಕಾಗುತ್ತದೆ. ಪ್ರಾಜೆಕ್ಟನ್ನು ಲಿನಕ್ಸ್‌ನ ಹೋಮ್ ಫೋಲ್ಡರ್‌ಗೆ ಹಾಕಿ ನೋಡಿ, ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನ ಎಡಬದಿಯಲ್ಲಿ ಪೆಂಗ್ವಿನ್ ಚಿತ್ರ ಇರುತ್ತದಲ್ವಾ, ಅಲ್ಲಿಂದ ಆ ಫೈಲುಗಳು ವಿಂಡೋಸ್‌ಗೂ ಸಿಗುತ್ತವೆ.

ಡ್ಯುಯಲ್ ಬೂಟ್, ಅಂದರೆ ಡಿಸ್ಕ್ ಭಾಗ ಮಾಡಿ ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕಿ ಆನ್ ಮಾಡುವಾಗ ಒಂದನ್ನು ಆರಿಸಿಕೊಳ್ಳುವುದು, ಆಫೀಸಿನ ಯಂತ್ರದಲ್ಲಿ ಬೇಡ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ, ಬೂಟ್ ಆಗುವ ಕ್ರಮ ಬದಲಾದ ಕೂಡಲೇ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಸಾಮಾನ್ಯವಾಗಿ ಇರುವುದು ಐಟಿಯವರ ಹತ್ತಿರ.