ಇನ್ನೊಂದು ಕಲ್ಲು ಕುಂದರಸ್ರಿ ಸಾಹೇಬ್ರ

ಸಂಪಾದಕರ ಉತ್ತರ

ಚಿಂಚೋಳಿ ತಾಲೂಕಿನ ನಿವೃತ್ತ ಶಿಕ್ಷಕರೊಬ್ಬರು ಬರೆದ ಪತ್ರದ ಮುಖ್ಯ ಭಾಗ ಇದು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

“ಕಳೆದ ಸಂಚಿಕೆಯ ‘ಕಟ್ಟಿ ಮಾತು’ ಪುಟದ ವ್ಯಂಗ್ಯಚಿತ್ರ ನೋಡಿ ಬಹಳ ಬೇಜಾರಾಯಿತು. ಶಾಸಕರನ್ನು ಟೀಕಿಸಿರಿ, ಬೇಡ ಅನ್ನುವುದಿಲ್ಲ. ಆದರೆ ರೈತನ ಕಿಸೆಯಲ್ಲಿ ನೋಟು ಇಟ್ಟು ತೋರಿಸಲು ನಿಮಗೆ ಅಧಿಕಾರ ಕೊಟ್ಟವರು ಯಾರು? ಬೆಂಗಳೂರು ಕಡೆಯವರು ಮೊದಲೇ ನಮ್ಮನ್ನು ಹಿಂದುಳಿದವರು ಅನ್ನುತ್ತಾರೆ. ಶರಣರು ನಡೆದಾಡಿದ ನೆಲ ಇದು, ಇಲ್ಲಿ ಇಂಥ ಅಣಕ ಶೋಭಿಸುವುದಿಲ್ಲ. ನಾನು ಪೊಲೀಸ್ ಠಾಣೆ ಮೆಟ್ಟಿಲು ಹತ್ತುವವನಲ್ಲ. ಹತ್ತುವವರೂ ಇದ್ದಾರೆ, ನೆನಪಿರಲಿ. ಆ ಪುಟ ನಿಲ್ಲಿಸಿರಿ, ಇಲ್ಲವೇ ನನ್ನ ಚಂದಾ ನಿಲ್ಲಿಸಿ ಉಳಿದ ಹಣ ಕಳಿಸಿರಿ.”

ಗುರುಗಳಿಗೆ ಶರಣು.

ನಾಲ್ಕು ಪುಟ ಕೈಯಾರೆ ಬರೆದು, ಅಂಚೆ ಚೀಟಿ ಹಚ್ಚಿ ಕಳಿಸಿದ್ದೀರಿ. ವಾಟ್ಸಾಪಿನಲ್ಲಿ ಎರಡು ಬೈಗುಳ ಒಗೆದು ಕೈತೊಳೆದುಕೊಳ್ಳುವವರೇ ಹೆಚ್ಚಿರುವಾಗ ಇದು ಸಣ್ಣ ಮಾತಲ್ಲ. ಅದಕ್ಕೇ ಉತ್ತರವೂ ಉದ್ದವಾಗಿದೆ, ಸಹಿಸಿಕೊಳ್ಳಿ.

ಚಿತ್ರ ನೋಡದ ಓದುಗರಿಗಾಗಿ ಅದೇನಿತ್ತು ಅಂತ ಹೇಳಿಬಿಡುತ್ತೇನೆ. ಮಳೆಗಾಲದ ಹಳ್ಳ ತುಂಬಿ ಹರಿಯುತ್ತಿದೆ. ಸೇತುವೆ ಇಲ್ಲ. ಆದರೆ ಅದೇ ಸೇತುವೆಗೆ ಮೂರು ಸಲ ಭೂಮಿಪೂಜೆ ಆಗಿದೆ, ಆ ಮೂರೂ ಶಂಕುಸ್ಥಾಪನೆ ಕಲ್ಲುಗಳು ನೀರಿನಲ್ಲಿ ಸಾಲಾಗಿ ನಿಂತಿವೆ. ಓಟು ಕೇಳಲು ಬಂದ ಶಾಸಕರು ಧೋತರ ಎತ್ತಿ ಹಿಡಿದು, ತಮ್ಮದೇ ಹೆಸರು ಕೆತ್ತಿದ ಮೂರನೇ ಕಲ್ಲಿನ ಮೇಲೆ ಒಂಟಿಗಾಲಲ್ಲಿ ನಿಂತಿದ್ದಾರೆ. ಆಚೆ ದಂಡೆಯಲ್ಲಿ ಒಬ್ಬ ರೈತ. ಅವನ ಅಂಗಿ ಕಿಸೆಯಿಂದ ನೋಟಿನ ತುದಿ ಇಣುಕುತ್ತಿದೆ. ಅವನು ಹೇಳುತ್ತಾನೆ: “ಇನ್ನೊಂದು ಕಲ್ಲು ಕುಂದರಸ್ರಿ ಸಾಹೇಬ್ರ, ದಾಟ್ಲಕ ಅನುಕೂಲ ಆಗ್ತದ.”

ಇಷ್ಟೇ. ಶಾಸಕರಿಗೆ ಹೆಸರಿಲ್ಲ, ಪಕ್ಷವಿಲ್ಲ, ಹಳ್ಳಕ್ಕೂ ಹೆಸರಿಲ್ಲ. ಸಂಚಿಕೆ ಹೊರಬಿದ್ದ ಮೇಲೆ ಮೊದಲ ಫೋನು ಬಂದದ್ದು ಹಳ್ಳದ ಆಚೆಯವರಿಂದಲ್ಲ, ಒಬ್ಬ ಮುಖಂಡರ ಹಿಂದೆ ಓಡಾಡುವ ಹುಡುಗನಿಂದ. “ಜನರ ಭಾವನೆಗೆ ಧಕ್ಕಿ ಆಗ್ಯಾದ್ರಿ” ಅಂದ. ಯಾವ ಜನರಪ್ಪಾ ಅಂದೆ. “ನಮ್ಮ ಜನರ್ರೀ” ಅಂದ. ಆಮೇಲೆ ಇನ್ನೊಂದು ಪಕ್ಷದವರೂ ಫೋನು ಮಾಡಿ, ಅದು ನಮ್ಮವರೇ ಅಂತ ಊರೆಲ್ಲ ಮಾತಾಡುತ್ತಿದೆ, ಸ್ಪಷ್ಟೀಕರಣ ಹಾಕಿರಿ ಅಂದರು. ಹೆಸರಿಲ್ಲದ ಟೊಪ್ಪಿಗೆಗೆ ತಾವಾಗಿಯೇ ಬಂದು ತಲೆ ಕೊಟ್ಟವರು ಇವರೇ, ನಾನು ಯಾರ ತಲೆಗೂ ತೊಡಿಸಿರಲಿಲ್ಲ.

ನಿಮ್ಮ ಪತ್ರ ಆ ಜಾತಿಯದಲ್ಲ. ನೀವು ಸಿಟ್ಟಾಗಿದ್ದು ಶಾಸಕರ ಸಲುವಾಗಿ ಅಲ್ಲ, ರೈತನ ಸಲುವಾಗಿ. ಹಾಗಾಗಿ ನೋಟಿನಿಂದಲೇ ಶುರು ಮಾಡುತ್ತೇನೆ.

2023ರ ವಿಧಾನಸಭೆ ಚುನಾವಣೆಯಲ್ಲಿ ರಾಜ್ಯದಲ್ಲಿ ಹಿಡಿದ ನಗದು, ಮದ್ಯ, ಬಂಗಾರ, ಹಂಚಲು ಇಟ್ಟ ಸಾಮಾನು ಎಲ್ಲ ಸೇರಿ 375 ಕೋಟಿ ರೂಪಾಯಿ ದಾಟಿತ್ತು ಎಂದು ಚುನಾವಣಾ ಆಯೋಗವೇ ಲೆಕ್ಕ ಕೊಟ್ಟಿದೆ. ಹಿಡಿದದ್ದು ಇಷ್ಟು, ಹಿಡಿಯದೆ ಮನೆ ಮುಟ್ಟಿದ್ದು ಎಷ್ಟೋ. ಇದು ಇಡೀ ಕರ್ನಾಟಕದ ಲೆಕ್ಕ ಗುರುಗಳೇ, ಬೆಂಗಳೂರಿನ ಬಡಾವಣೆಗಳೂ ಅದರೊಳಗೇ ಬಂದವು. ಅಲ್ಲಿ ಕುಕ್ಕರು ಹಂಚಿದರೆ ಚುನಾವಣೆ ಕಾವು, ಇಲ್ಲಿ ನೋಟು ಹಂಚಿದರೆ ಹಿಂದುಳಿದಿರುವಿಕೆ ಅನ್ನುವ ಲೆಕ್ಕ ನಾನು ಒಪ್ಪುವುದಿಲ್ಲ, ನೀವೂ ಒಪ್ಪಬೇಡಿ.

ನೋಟು ತೆಗೆದುಕೊಂಡ ಮೇಲೂ ರೈತನ ಬಾಯಿ ಬಂದ್ ಆಗಿಲ್ಲ ಅನ್ನುವುದನ್ನು ಗಮನಿಸಿರಿ. ಕೊನೆಯ ಮಾತು ಅವನದು. ಅವನಿಗೆ ಎಲ್ಲ ಗೊತ್ತಿದೆ: ಸೇತುವೆ ಆಗುವುದಿಲ್ಲ, ಕಲ್ಲು ಮಾತ್ರ ಬರುತ್ತದೆ, ಹಾಗಾದರೆ ಕಲ್ಲನ್ನೇ ಕೆಲಸಕ್ಕೆ ಹಚ್ಚೋಣ. ಆ ಕಿಸೆಯಿಂದ ನೋಟು ತೆಗೆದುಬಿಟ್ಟರೆ ಅವನು ಬರೀ ಅಯ್ಯೋ ಪಾಪದ ರೈತ ಆಗುತ್ತಾನೆ. ಪೋಸ್ಟರಿನಲ್ಲಿ, ಜಾಹೀರಾತಿನಲ್ಲಿ, ಮಂತ್ರಿಗಳ ಭಾಷಣದಲ್ಲಿ ಅಂಥ ರೈತ ಧಾರಾಳವಾಗಿ ಸಿಗುತ್ತಾನೆ. ನಮ್ಮ ಪುಟಕ್ಕೆ ಅವನು ಬೇಡ.

ಜನರನ್ನು ಅಣಕಿಸಿದರೆ ಜನಕ್ಕೆ ನೋವಾಗುತ್ತದೆ ಅನ್ನುವುದನ್ನು ನಾನು ಪೂರ್ತಿ ನಂಬುವುದಿಲ್ಲ. ಆಳಂದ ಕಡೆಯ ಒಂದು ಹಳ್ಳಿಯ ಜಾತ್ರೆ ನಾಟಕದಲ್ಲಿ ನೋಡಿದ್ದು ಹೇಳುತ್ತೇನೆ. ಇಂಥ ನಾಟಕದಲ್ಲಿ ಕಥೆ ಎಷ್ಟು ಮುಖ್ಯವೋ ಕಾಣಿಕೆ ಅಷ್ಟೇ ಮುಖ್ಯ ಅನ್ನುವುದು ನಿಮಗೆ ಗೊತ್ತು. ಪಾತ್ರ ಮೆಚ್ಚಿದವರು ನೋಟು ಕಳಿಸುತ್ತಾರೆ, ಹಾರ್ಮೋನಿಯಂ ನಿಲ್ಲುತ್ತದೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ, ಸ್ಟೇಜಿನ ಮೇಲೇ ನಟನ ಅಂಗಿಗೆ ಪಿನ್ನು ಚುಚ್ಚಿ ನೋಟು ಸಿಗಿಸುತ್ತಾರೆ. ಅವತ್ತು ಮುಂದಿನ ಸಾಲಿನ ಕುರ್ಚಿಯಲ್ಲಿ ಪಂಚಾಯ್ತಿ ಅಧ್ಯಕ್ಷರು. ಹಾಸ್ಯಗಾರನಿಗೆ ನೂರಾ ಒಂದು ರೂಪಾಯಿ ಕಳಿಸಿದರು, ಮೈಕಿನಲ್ಲಿ ಕೂಗಿದ್ದೂ ಆಯಿತು. ಹಾಸ್ಯಗಾರ ಎದೆಯ ಮೇಲಿನ ನೋಟು ಮುಟ್ಟಿ ನೋಡಿಕೊಂಡು ಅಂದ: “ಸಾಹೇಬ್ರು ಕೊಟ್ಟಿದ್ದು ನೂರಾ ಒಂದು, ಮೈಕಿನಾಗ ಹೇಳಿದ್ದೂ ನೂರಾ ಒಂದು. ಹಿಂಗ ಲೆಕ್ಕ ಜೋಡಿ ಆಗಿದ್ದು ನಮ್ಮ ಪಂಚಾಯ್ತ್ಯಾಗ ಯಾವಾಗರೆ ನೋಡೀರೇನ್ರೋ?” ಮಂದಿ ಬಿದ್ದು ಬಿದ್ದು ನಕ್ಕರು. ಅವನು ಅಷ್ಟಕ್ಕೇ ಬಿಡಲಿಲ್ಲ. ಮಂದಿ ಕಡೆ ತಿರುಗಿ, “ನೀವ್ಯಾಕ ನಗ್ತೀರಿ? ಓಟು ಹಾಕಿದವ್ರು ನಾನೇನು?” ಅಂದ. ನಗು ಇಮ್ಮಡಿ ಆಯಿತು. ಅಧ್ಯಕ್ಷರು ಇನ್ನೊಂದು ನೋಟು ಕಳಿಸಿದರು. ಸಿಟ್ಟು ಬಂದಿರಲಿಲ್ಲ ಅಂತಲ್ಲ, ಅಷ್ಟು ಮಂದಿ ನಗುತ್ತಿರುವಾಗ ಸಿಟ್ಟು ತೋರಿಸಿದರೆ ಮರ್ಯಾದೆ ಹೋಗುತ್ತದೆ ಅನ್ನುವುದು ರಾಜಕಾರಣಿಗೆ ಗೊತ್ತಿರುತ್ತದೆ.

ಮೈಸೂರು ಸೀಮೆಗೆ 1942ರಿಂದ ‘ಕೊರವಂಜಿ’ ಅನ್ನುವ ಹಾಸ್ಯ ಪತ್ರಿಕೆ ಇತ್ತು, ಡಾಕ್ಟರಾಗಿದ್ದ ಎಂ. ಶಿವರಾಂ (‘ರಾಶಿ’) ಅದನ್ನು 25 ವರ್ಷ ನಡೆಸಿದರು, ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆಗೇ ತತ್ವಾರ ಪಡುತ್ತಿದ್ದ ನಮಗೆ ಆ ಭಾಗ್ಯ ಇರಲಿಲ್ಲ. ನಮ್ಮ ವಿಡಂಬನೆ ಸ್ಟೇಜಿನ ಮೇಲೆ, ಭಜನೆಯಲ್ಲಿ, ಹೋಳಿಯ ಬೊಬ್ಬೆಯಲ್ಲಿ ಬೆಳೆಯಿತು. ಅದಕ್ಕೇ ಅದರ ನಾಲಿಗೆ ಸ್ವಲ್ಪ ಒರಟು.

ಶರಣರ ಮಾತು ಎತ್ತಿದ್ದೀರಿ. ಎತ್ತಬಾರದಿತ್ತು, ಅವರು ನನ್ನ ಕಡೆಯ ಸಾಕ್ಷಿ! ಅಂಬಿಗರ ಚೌಡಯ್ಯನವರ ವಚನಗಳನ್ನು ಇವತ್ತು ಯಾರಾದರೂ ಹೊಸದಾಗಿ ಬರೆದು ತಂದುಕೊಟ್ಟರೆ ಅಚ್ಚಿಗೆ ಕಳಿಸುವ ಮೊದಲು ನಾನು ವಕೀಲರಿಗೆ ತೋರಿಸಬೇಕಾಗುತ್ತದೆ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದ ಬಸವಣ್ಣನವರು, ಕಲ್ಲು ನಾಗರಕ್ಕೆ ಹಾಲೆರೆದು ಜೀವಂತ ನಾಗರವನ್ನು ಹೊಡೆದು ಕೊಲ್ಲುವವರನ್ನು ಹಂಗಿಸಿದರಲ್ಲ, ಅದು ದೊರೆಯ ಮೇಲೆ ಹಾರಿಸಿದ ಬಾಣವಲ್ಲ. ನೇರವಾಗಿ ಮಂದಿಯ ಮೇಲೆಯೇ. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ನಿಮ್ಮೂರಿನಲ್ಲೂ ಏಕತಾರಿ ಹಿಡಿದು ಹಾಡುತ್ತಾರೆ. ಕಳ್ಳ ಗುರುಗಳಿಗೂ ಅವರ ಕಾಲಿಗೆ ಬೀಳುವ ಮುಗ್ಧರಿಗೂ ಅಲ್ಲಿ ಒಂದೇ ತಕ್ಕಡಿಯಲ್ಲಿ ಬೈಗುಳ ತೂಗಿ ಕೊಟ್ಟಿದೆ. ಬೈಸಿಕೊಂಡವರ ಮೊಮ್ಮಕ್ಕಳೇ ಇವತ್ತು ತಾಳ ಹಾಕಿ ಹಾಡುತ್ತಾರೆ.

ಇನ್ನು ಠಾಣೆಯ ಮಾತು. ನೀವು ಹೆದರಿಸಲು ಬರೆದಿಲ್ಲ, ಎಚ್ಚರಿಸಲು ಬರೆದಿದ್ದೀರಿ ಅಂತಲೇ ತಿಳಿದಿದ್ದೇನೆ. ಆದರೆ ನಮ್ಮ ಪಕ್ಕದ ಬೀದರಿನಲ್ಲಿ ಏನಾಯಿತು ಅನ್ನುವುದನ್ನು ಇಬ್ಬರೂ ಮರೆಯಬಾರದು. 2020ರ ಜನವರಿಯಲ್ಲಿ ಅಲ್ಲಿಯ ಶಾಲೆಯೊಂದರ ಪ್ರಾಥಮಿಕ ತರಗತಿ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆ ಬಗ್ಗೆ ನಾಟಕ ಆಡಿದರು. ಅದರಲ್ಲಿ ಪ್ರಧಾನಿಯವರನ್ನು ಚಪ್ಪಲಿಯಿಂದ ಹೊಡೆಯುವ ಮಾತು ಬಂತು. ಯಾರೋ ದೂರು ಕೊಟ್ಟರು. ರಾಜದ್ರೋಹದ ಕೇಸು ಬಿತ್ತು. ಮುಖ್ಯಶಿಕ್ಷಕಿ ಮತ್ತು ಒಂದು ಮಗುವಿನ ತಾಯಿ ಜೈಲು ಕಂಡರು. ಪೊಲೀಸರು ಶಾಲೆಗೆ ಮೇಲಿಂದ ಮೇಲೆ ಬಂದು ಮಕ್ಕಳನ್ನು ಕೂರಿಸಿಕೊಂಡು ವಿಚಾರಣೆ ಮಾಡಿದರು. ಆಮೇಲೆ 2023ರ ಜೂನಿನಲ್ಲಿ ನಮ್ಮ ಕಲಬುರಗಿ ಹೈಕೋರ್ಟ್ ಪೀಠ ಕೇಸನ್ನು ರದ್ದು ಮಾಡಿತು.

ಆ ಆದೇಶದಲ್ಲಿ ನಿಮಗೂ ಒಂದು ಮಾತಿದೆ, ನನಗೂ ಒಂದು ಮಾತಿದೆ. ಪ್ರಧಾನಿಯವರಿಗೆ ಚಪ್ಪಲಿಯಿಂದ ಹೊಡೆಯಬೇಕೆಂಬ ಮಾತು ಅವಹೇಳನಕಾರಿ, ಬೇಜವಾಬ್ದಾರಿಯದು ಎಂದು ನ್ಯಾಯಾಲಯ ಸ್ಪಷ್ಟವಾಗಿಯೇ ಹೇಳಿತು. ಅದರ ಜೊತೆಗೇ, ಅದು ರಾಜದ್ರೋಹ ಅಲ್ಲ ಅಂತಲೂ ಹೇಳಿತು. ಆ ನಾಟಕದ ಹಸ್ತಪ್ರತಿ ನನ್ನ ಟೇಬಲ್ಲಿಗೆ ಬಂದಿದ್ದರೆ ಆ ಸಾಲು ಹೊಡೆದುಹಾಕುತ್ತಿದ್ದೆ. ಕೆಟ್ಟದಾಗಿದೆ ಅಂತ ಮಾತ್ರವಲ್ಲ, ಚಪ್ಪಲಿ ತೋರಿಸುವುದು ಬೈಗುಳವಾಯಿತೇ ಹೊರತು ವಿಡಂಬನೆ ಆಗಲಿಲ್ಲ, ಅದಕ್ಕೆ. ಆದರೆ ಕೆಟ್ಟ ಸಂಭಾಷಣೆಗೆ ಪ್ರೇಕ್ಷಕರು ಚಪ್ಪಾಳೆ ತಟ್ಟದೆ ಕೂರಬಹುದು, ಎದ್ದು ಹೋಗಬಹುದು, ನಿಮ್ಮ ಹಾಗೆ ನಾಲ್ಕು ಪುಟ ಬರೆಯಬಹುದು. ತಾಯಿಯೊಬ್ಬಳನ್ನು ಜೈಲಿಗೆ ಹಾಕುವುದು ಅದಕ್ಕೆ ತಕ್ಕ ಉತ್ತರವಲ್ಲ. (ಮಕ್ಕಳನ್ನು ಸರ್ಕಾರದ ನೀತಿ ಟೀಕೆಯಿಂದ ದೂರ ಇಡುವುದು ಒಳ್ಳೆಯದೆಂದೂ ಆ ಆದೇಶದಲ್ಲಿ ಇದೆ. ಮಕ್ಕಳು ಮಧ್ಯಾಹ್ನದ ಬಿಸಿಯೂಟದ ಬೇಳೆ ನೋಡಿ ದಿನಾ ಟೀಕೆ ಮಾಡುವುದನ್ನು ಯಾರಿಂದ ನಿಲ್ಲಿಸಲು ಆಗುತ್ತದೆ ಅನ್ನುವುದು ನಿಮಗೇ ಚೆನ್ನಾಗಿ ಗೊತ್ತು.)

ಯಾರಿಗೆ ನೋವಾದರೆ ಅಪರಾಧ ಅನ್ನುವುದಕ್ಕೆ ಕಾನೂನಿನಲ್ಲಿ ಹಳೆಯದೊಂದು ಅಳತೆ ಇದೆ. 1946ರಲ್ಲಿ ನಾಗಪುರ ಹೈಕೋರ್ಟ್ ಹೇಳಿದ್ದು: ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿವೇಕ ಇರುವ, ಧೈರ್ಯವಂತ ಮನುಷ್ಯನ ಕಣ್ಣಿನಿಂದ ನೋಡಬೇಕು, ಪ್ರತಿ ಮಾತಿನಲ್ಲೂ ಅಪಾಯ ಹುಡುಕುವ ಅಳ್ಳೆದೆಯವನ ಕಣ್ಣಿನಿಂದ ಅಲ್ಲ. ಸುಪ್ರೀಂ ಕೋರ್ಟ್ 1988ರಲ್ಲಿ ಇದನ್ನು ಒಪ್ಪಿತು. 2025ರ ಮಾರ್ಚಿನಲ್ಲಿ, ಸಂಸದರೊಬ್ಬರ ಮೇಲೆ ಗುಜರಾತಿನಲ್ಲಿ ಕವಿತೆಯೊಂದಕ್ಕಾಗಿ ಹಾಕಿದ ಕೇಸನ್ನು ರದ್ದು ಮಾಡುವಾಗ ಮತ್ತೆ ಅದೇ ಅಳತೆ ಹಿಡಿಯಿತು. ಗಣರಾಜ್ಯಕ್ಕೆ 75 ವರ್ಷವಾದ ಮೇಲೂ ಒಂದು ಕವಿತೆಗೋ ಹಾಸ್ಯಕ್ಕೋ ಅಲುಗಾಡುವಷ್ಟು ನಾವು ದುರ್ಬಲರಲ್ಲ ಅನ್ನುವ ಅರ್ಥದ ಮಾತು ಆ ತೀರ್ಪಿನಲ್ಲಿದೆ.

ಹಾಗಾದರೆ ಮಿತಿಯೇ ಇಲ್ಲವೇ ಅಂತ ಕೇಳುತ್ತೀರಿ. ಇದೆ. ಕೋರ್ಟಿಗಿಂತ ಮೊದಲೇ ನನ್ನ ಟೇಬಲ್ಲಿನ ಮೇಲೆ ಇದೆ. ಈಚೆಗೆ ನಮ್ಮ ಚಿತ್ರಕಾರರು ಒಬ್ಬ ಮುಖಂಡರನ್ನು ಅವರ ಮೈಬಣ್ಣ ಹಿಡಿದು ಕಾಗೆ ಮಾಡಿ ತಂದರು. ರೇಖೆ ಚೆಂದ ಇತ್ತು, ಹೋಲಿಕೆಯೂ ಥಟ್ಟನೆ ಸಿಗುತ್ತಿತ್ತು. ವಾಪಸ್ ಕಳಿಸಿದೆ. ಅವರಿಗೆ ಸಿಟ್ಟು ಬಂತು. “ಹೋದ ತಿಂಗಳು ಇವರದೇ ಹೊಟ್ಟೆಯನ್ನು ಕೊಡಪಾನದಷ್ಟು ಮಾಡಿದ್ದೆ, ಅದು ನಡೆಯಿತು, ಇದು ಯಾಕೆ ನಡೆಯುವುದಿಲ್ಲ?” ಅಂದರು. ಹೊಟ್ಟೆ ಅವರೇ ಬೆಳೆಸಿದ್ದು, ಬಣ್ಣ ತಾಯಿ ಕೊಟ್ಟದ್ದು ಅಂದೆ. ಅವರು ಇನ್ನೂ ಒಪ್ಪಿಲ್ಲ. ಜಾತಿ, ಅಂಗವಿಕಲತೆ, ಹೆಂಡತಿ ಮಕ್ಕಳು, ಸಾವು, ಇವಿಷ್ಟು ನಮ್ಮ ಪುಟಕ್ಕೆ ಬರುವುದಿಲ್ಲ. ಮಗನಿಗೆ ಟಿಕೆಟ್ ಕೊಡಿಸಿದರೆ ಮಾತ್ರ ಮಗನೂ ಬರುತ್ತಾನೆ.

ಎಲ್ಲ ನೋವನ್ನೂ ಒಂದೇ ಎಂದು ತಳ್ಳಿಹಾಕುವವನೂ ನಾನಲ್ಲ. 1949ರಲ್ಲಿ ಶಂಕರ್ ಬರೆದ ಒಂದು ವ್ಯಂಗ್ಯಚಿತ್ರದಲ್ಲಿ ಸಂವಿಧಾನ ಅನ್ನುವ ಬಸವನಹುಳುವಿನ ಮೇಲೆ ಅಂಬೇಡ್ಕರರು ಕೂತಿದ್ದಾರೆ, ಕೈಯಲ್ಲಿ ಚಾಟಿ. ಹಿಂದೆ ನೆಹರೂ, ಅವರ ಕೈಯಲ್ಲೂ ಚಾಟಿ. ಕೆಲಸ ನಿಧಾನವಾಯಿತು ಅನ್ನುವುದು ಅವತ್ತಿನ ತಮಾಷೆ. ಆ ಚಿತ್ರ ಹನ್ನೊಂದನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿತ್ತು. 2012ರಲ್ಲಿ ಸಂಸತ್ತಿನಲ್ಲಿ ಗದ್ದಲ ಎದ್ದು ತೆಗೆಯುವ ತೀರ್ಮಾನವಾಯಿತು, ಪುಸ್ತಕದ ಸಲಹೆಗಾರರಾಗಿದ್ದ ಸುಹಾಸ್ ಪಳಶೀಕರ್ ಮತ್ತು ಯೋಗೇಂದ್ರ ಯಾದವ್ ರಾಜೀನಾಮೆ ಕೊಟ್ಟರು, ಪುಣೆಯಲ್ಲಿ ಪಳಶೀಕರ್ ಅವರ ಕಚೇರಿ ಪುಡಿಯಾಯಿತು. ಕಚೇರಿ ಒಡೆದದ್ದು ಗೂಂಡಾಗಿರಿ, ಬೇರೆ ಮಾತಿಲ್ಲ. ಚಿತ್ರ ತೆಗೆಯಬಾರದಿತ್ತು ಅಂತಲೇ ನನ್ನ ಅಭಿಪ್ರಾಯ, ತರಗತಿಯಲ್ಲಿ ವಿವರಿಸುವ ಮಾಸ್ತರು ಒಬ್ಬರಿದ್ದರೆ ಸಾಕಿತ್ತು. ಆದರೂ ಕಲಬುರಗಿಯ ಜಗತ್ ಸರ್ಕಲ್ಲಿನ ಅಂಬೇಡ್ಕರ್ ಪ್ರತಿಮೆಗೆ ಕೈಮುಗಿದು ಕೂಲಿಗೆ ಹೋಗುವ ಮನುಷ್ಯ, ಅಜ್ಜನ ಬೆನ್ನಿನ ಮೇಲೆ ನಿಜವಾದ ಚಾಟಿಯ ಬಾಸುಂಡೆ ಕಂಡವನು, ಬಾಬಾಸಾಹೇಬರ ಹಿಂದೆ ಇನ್ನೊಬ್ಬರು ಚಾಟಿ ಎತ್ತಿದ್ದನ್ನು ನೋಡಿ ನಗುವುದಿಲ್ಲ. ಅವನಿಗೆ “ತಮಾಷೆ ತಿಳಿಯಲಿಲ್ಲ” ಅನ್ನುವ ಧೈರ್ಯ ನನಗಿಲ್ಲ. ಆ ನೋವನ್ನೂ, ಸಾಹೇಬರ ಹಿಂದೆ ಓಡಾಡುವ ಹುಡುಗ ಫೋನಿನಲ್ಲಿ ಹೇಳಿದ ಧಕ್ಕೆಯನ್ನೂ ಒಂದೇ ಸಾಲಿನಲ್ಲಿ ಕೂರಿಸಲು ನಾನು ತಯಾರಿಲ್ಲ.

ಹಿಂದುಳಿದವರು ಅನ್ನುವ ಮಾತಿಗೆ ಮತ್ತೆ ಬರುತ್ತೇನೆ, ಯಾಕೆಂದರೆ ನಿಮ್ಮ ಪತ್ರದ ಎದೆ ಇರುವುದು ಅಲ್ಲಿ. ಸಿನಿಮಾದಲ್ಲಿ, ಟೀವಿ ಕಾಮಿಡಿಯಲ್ಲಿ ಕಲಬುರಗಿ ಭಾಷೆ ಯಾರ ಬಾಯಿಗೆ ಕೊಡುತ್ತಾರೆ ನೋಡಿದ್ದೀರಲ್ಲ? ಕಾವಲುಗಾರ, ಕಟ್ಟಡದ ಕೂಲಿ, ಪೇಟೆಗೆ ಬಂದು ದಾರಿ ತಪ್ಪಿದ ದಡ್ಡ. ಅವನು “ಹೌದ್ರಿ” ಅಂದರೆ ಸಾಕು, ನಗುವಿನ ಸದ್ದು ಹಾಕುತ್ತಾರೆ. ಅವನು ಯಾರನ್ನೂ ಕೆಣಕುವುದಿಲ್ಲ, ಯಾರ ಲೆಕ್ಕವನ್ನೂ ಕೇಳುವುದಿಲ್ಲ, ಸುಮ್ಮನೆ ನಮ್ಮ ಮಾತಾಡುತ್ತಾನೆ, ಅದೇ ನಗೆಪಾಟಲು. ಇದಕ್ಕೆ ಯಾವ ಮುಖಂಡರ ಭಾವನೆಗೂ ಧಕ್ಕೆ ಆದದ್ದು ನಾನು ಕೇಳಿಲ್ಲ. ನಮ್ಮ ಚಿತ್ರದ ರೈತನೂ ಅದೇ ಭಾಷೆ ಆಡುತ್ತಾನೆ, ಆದರೆ ಅಲ್ಲಿ ನಗೆಪಾಟಲಾಗಿ ನೀರಿನ ಮಧ್ಯೆ ನಿಂತವರು ಬೇರೆ.

ಪುಟ ನಿಲ್ಲುವುದಿಲ್ಲ. ನಿಮ್ಮ ಚಂದಾ ಮಾರ್ಚ್‌ವರೆಗೆ ಇದೆ. ಉಳಿದ ಹಣ ವಾಪಸ್ ಬೇಕೇ ಬೇಕು ಅನ್ನುವುದಾದರೆ ಒಂದು ಕಾರ್ಡು ಹಾಕಿರಿ, ಮನಿಯಾರ್ಡರ್ ಮಾಡಿಸುತ್ತೇನೆ. ಕಾರ್ಡು ಬರದಿದ್ದರೆ ಮುಂದಿನ ಸಂಚಿಕೆ ಎಂದಿನಂತೆ ನಿಮ್ಮ ಮನೆಗೆ ಬರುತ್ತದೆ, ‘ಕಟ್ಟಿ ಮಾತು’ ಹನ್ನೊಂದನೇ ಪುಟದಲ್ಲಿ ಇರುತ್ತದೆ. ಈ ಸಲದ ವಿಷಯ ತೊಗರಿ ಖರೀದಿ ಕೇಂದ್ರ.